ಗೊಂಡೆ ಕಟ್ಟದ ದಾರ

ಎಂಬತ್ತೆರಡನೇ ಇಸವಿಯ ಬೇಸಗೆ. ಜಗಳೂರಿನ ಶಾಲೆಯೊಂದರಲ್ಲಿ ರಕ್ತದಾನ ಶಿಬಿರ ನಡೆದಿತ್ತು. ಸೀರೆ ಸೆರಗಿಗೆ ಗೊಂಡೆ ಕಟ್ಟಿಕೊಡುತ್ತಿದ್ದ ನಿರ್ಮಲಳೂ ಅವಳಿಗೆ ನಿಶ್ಚಯವಾಗಿದ್ದ ನ್ಯಾಮತಿಯ ವರ ಮಲ್ಲೇಶಪ್ಪನೂ ರಕ್ತ ಕೊಟ್ಟರು. "ಜೋಡಿ ಅಂದ್ರೆ ಹಿಂಗಿರ್ಬೇಕು, ಇಬ್ಬರದೂ ಓ ಗ್ರೂಪು!" ಎಂದು ನರ್ಸಮ್ಮ ಕೂಗಿ ಹೇಳಿದ್ದೇ ತಡ, ಬಾಗಿಲಲ್ಲಿದ್ದ ನಿರ್ಮಲಳ ಅಜ್ಜ ಕೊಟ್ರಬಸಪ್ಪನ ಮುಖ ಸಣ್ಣದಾಯಿತು.

ಯಾವ ಸಂಬಂಧ ಬಂದರೂ ಮೊದಲು ಬೆಡಗು, ಅಂದರೆ ಗೋತ್ರ, ಕೇಳುವ ಮನುಷ್ಯ ಅವನು. ಒಂದೇ ಬೆಡಗಿನವರೆಂದರೆ ಅಣ್ಣತಂಗಿಯರ ಲೆಕ್ಕ, ಲಗ್ನ ಕೂಡದು.

"ಬೆಡಗು ಬ್ಯಾರೆ ಅಂತ ಬಾಯಾಗ ಹೇಳಬಹುದು. ರಕ್ತ ಸುಳ್ಳು ಹೇಳ್ತೈತಾ? ಈ ಲಗ್ನ ಬ್ಯಾಡ."

ತನ್ನ ಧಾರೆ ಸೀರೆಗೆ ನಿರ್ಮಲ ಆಗಲೇ ಅರ್ಧ ಗೊಂಡೆ ಕಟ್ಟಿದ್ದಳು. ಅಜ್ಜನ ಕೈ ಹಿಡಿದು ಶಿಬಿರದ ಡಾಕ್ಟರ್ ಷಣ್ಮುಖಪ್ಪನವರ ಮುಂದೆ ಕೂರಿಸಿದಳು. ಹಿಂದೆಯೇ ಅಜ್ಜಿ ಸಿದ್ದಲಿಂಗಮ್ಮನೂ ಬಂದಳು.

ಡಾಕ್ಟರು ನಕ್ಕರು. "ಯಜಮಾನರೇ, ರಕ್ತದ ಕಣದ ಮೇಲೆ ಸೆರಗಿನ ದಾರದಂಥಾದ್ದು ಇರುತ್ತೆ. ಕಿಣ್ವ ಅಂತ ಒಬ್ಬ ಕೆಲಸಗಾರ ಅದರ ತುದಿಗೆ ಸಕ್ಕರೆಯ ಗೊಂಡೆ ಕಟ್ತಾನೆ. ಒಂದು ಥರದ್ದು ಕಟ್ಟಿದ್ರೆ ಎ, ಇನ್ನೊಂದು ಥರದ್ದು ಕಟ್ಟಿದ್ರೆ ಬಿ. ತಾಯಿಯಿಂದೊಬ್ಬ, ತಂದೆಯಿಂದೊಬ್ಬ ಬರ್ತಾನೆ. ಇಬ್ಬರೂ ಕೆಲಸಕ್ಕೆ ಬಾರದವರಾದ್ರೆ ದಾರ ಖಾಲಿ. ಅದೇ ಓ."

"ಅಜ್ಜಾ, ಗೊಂಡೆ ಕಟ್ಟದ ಸೀರೆ ಊರ ತುಂಬ ಅದಾವೆ. ಎಲ್ಲಾ ಒಂದೇ ಮಗ್ಗದವಾ?" ಎಂದಳು ನಿರ್ಮಲ.

ಅಜ್ಜ ಬಗ್ಗಲಿಲ್ಲ. "ಹಂಗಾದ್ರೆ ನಂದೂ ನಿಮ್ಮಜ್ಜಿದೂ ನೋಡ್ಲಿ. ಸರಿಯಾದ ಸಂಬಂಧದಾಗೆ ಗ್ರೂಪು ಬ್ಯಾರೆ ಇರ್ತೈತೆ, ನೋಡ್ತಿರು."

ನೋಡಿದರು. ಇಬ್ಬರದೂ ಬಿ.

ಸಿದ್ದಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

"ಅಯ್ಯೋ ನಮ್ಮಣ್ಣಾ! ಆರು ಮಕ್ಕಳಾದ ಮ್ಯಾಲೆ ಗೊತ್ತಾತಲ್ಲ. ಇನ್ನೇನು, ಪಂಚಮಿಗೆ ಅಣ್ಣನಂಗೆ ನನ್ನ ತವರಿಗೆ ಕರೆಯಾಕೆ ಬರ್ರಿ, ಸೀರೆ ಕೊಡಿಸ್ರಿ. ಆಮ್ಯಾಲೆ ನಿಮಗೆ ರೊಟ್ಟಿ ತಟ್ಟಾಕೆ ಬ್ಯಾರೆಯವಳನ್ನ ನೋಡ್ಕಳ್ರಿ!"

ನರ್ಸಮ್ಮ ಮೇಜು ಹಿಡಿದು ನಕ್ಕಳು. ಮಲ್ಲೇಶಪ್ಪ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜಗಳು ಕುಲುಕುತ್ತಿದ್ದವು.

"ಸುಮ್ಕಿರೇ!" ಎಂದು ಗದರಿದ ಅಜ್ಜ, ಮೀಸೆಯೊಳಗೇ ನಕ್ಕ. "ಲಗ್ನ ಆಗ್ಲಿ. ರಕ್ತದ ಮಾತು ಡಾಕ್ಟ್ರಿಗೆ ಇರ್ಲಿ, ಬೆಡಗಿನ ಮಾತು ನನಗೆ ಇರ್ಲಿ."

ಆ ಸಂಜೆ ಪೇಟೆಯಿಂದ ಬಂದ ಅಜ್ಜ ಕಂಕುಳಲ್ಲಿದ್ದ ಗಂಟನ್ನು ಹೆಂಡತಿಯ ಮಡಿಲಿಗೆ ಹಾಕಿ, ಕೈಕಾಲು ತೊಳೆಯಲು ಹೋದ. ಬಿಚ್ಚಿದರೆ ಹಸಿರು ಸೀರೆ. ಸೆರಗಿನ ದಾರ ಖಾಲಿಯಿತ್ತು.

"ಇದಕ್ಕೂ ಕಟ್ಟೇ ನಿರ್ಮಲಾ," ಎಂದಳು ಅಜ್ಜಿ. "ನಿನ್ನ ಧಾರೆ ಸೀರೇದು ಮೊದ್ಲು ಮುಗಿಸು."