ಅಡ್ಡ ಇಟ್ಟ ತುಂಡು

ನಮ್ಮ ಲ್ಯಾಬಿನಲ್ಲಿ ಒಂದು ನಿಯಮವಿದೆ. ಕೆಂಪು ಚುಕ್ಕೆ ಇಡದೆ ಮೂಳೆಗೆ ಗರಗಸ ಮುಟ್ಟಿಸಬಾರದು. ಮನುಷ್ಯ ನಿಂತಾಗ ತಲೆಯ ಕಡೆಗಿರುವ ಮುಖಕ್ಕೆ ಚುಕ್ಕೆ. ಆ ಚುಕ್ಕೆ ಮೇಲೆ ಬರುವಂತೆ ತುಂಡನ್ನು ಯಂತ್ರದ ಎರಡು ಉಕ್ಕಿನ ತಟ್ಟೆಗಳ ನಡುವೆ ಇಟ್ಟು, ಮುರಿಯುವವರೆಗೆ ಒತ್ತುವುದು ನನ್ನ ಕೆಲಸ. ಹನ್ನೆರಡು ವರ್ಷದಿಂದ ಒತ್ತುತ್ತಿದ್ದೇನೆ. ಚುಕ್ಕೆ ಪಕ್ಕಕ್ಕೆ ತಿರುಗಿದ್ದರೆ ಆ ಅಂಕಿಯನ್ನು ಹೊಡೆದುಹಾಕಬೇಕು. ಅಡ್ಡ ಒತ್ತಿದರೆ ಯಾರ ಮೂಳೆಯಾದರೂ ಬೇಗ ಸೋಲುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ ಎಂದು ದೊಡ್ಡ ಮೇಡಂ ನನಗೆ ಹೇಳಿಕೊಟ್ಟಿದ್ದರು. ನಾನೂ ಹೊಸಬರಿಗೆ ಹಾಗೇ ಹೇಳಿಕೊಡುತ್ತಿದ್ದೆ, ಅದೂ ಗದರಿಸಿ.

ಮೂಳೆ ಒಳಗೂ ಕಲ್ಲಿನಂತೆ ಗಟ್ಟಿ ಎಂದುಕೊಂಡವರೇ ಹೆಚ್ಚು. ಸೊಂಟದ ಕೀಲಿನ ಚೆಂಡನ್ನು ಕೊಯ್ದು ನೋಡಿದರೆ ಒಳಗೆಲ್ಲ ತೂತು, ಒಣಗಿದ ಬ್ರೆಡ್ಡಿನ ಹಾಗೆ. ತೂತುಗಳ ನಡುವೆ ಕೂದಲಿಗಿಂತ ತುಸು ದಪ್ಪನೆಯ ಕಂಬಗಳು, ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿಗಳು. ದಿನವೂ ಭಾರ ಬೀಳುವ ದಾರಿಯಲ್ಲಿ ಕಂಬಗಳು ಎದ್ದು ನಿಲ್ಲುತ್ತವೆ. ಆ ಕಂಬಗಳು ಬಾಗದಂತೆ ಪಟ್ಟಿಗಳು ಅಕ್ಕಪಕ್ಕದಿಂದ ಹಿಡಿದುಕೊಂಡಿರುತ್ತವೆ.

ಆ ವಾರ ನನ್ನ ಮೇಜಿಗೆ ಬಂದದ್ದು ನನ್ನ ಅಕ್ಕನ ಚೆಂಡು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಪ್ಪ ಹೋದ ಮೇಲೆ ಗುಂಡಿ, ದಾರ ಮಾರುವ ಸಗಟು ಅಂಗಡಿಗೆ ಸೇರಿ, ಚಾವಣಿ ಮುಟ್ಟುವ ಕಪಾಟುಗಳಿಗೆ ಏಣಿ ಹತ್ತಿ ಹತ್ತಿ ನನ್ನನ್ನು ಓದಿಸಿದಳು. ಮೂರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಾಗ ಎಡಗಡೆಯ ಸೊಂಟ ಮುರಿಯಿತು. ಅಲ್ಲಿ ಲೋಹದ ಕೀಲು ಕೂರಿಸಿದರು. ತೆಗೆದ ಮೂಳೆಯನ್ನು, ಅವಳ ಒಪ್ಪಿಗೆ ಪಡೆದು, ನಮ್ಮಲ್ಲಿಗೆ ಕಳಿಸಿದರು. ಬಲಗಡೆಯ ಸ್ಕ್ಯಾನ್ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ ಎನ್ನುವಂತಿತ್ತು. ಒಂದೇ ಮೈಯ ಎರಡು ಮೂಳೆ, ಒಂದು ಹೇಗೋ ಇನ್ನೊಂದೂ ಹಾಗೆ, ಲ್ಯಾಬಿನ ಅಂಕಿ ಚೆನ್ನಾಗಿದ್ದರೆ ಏಣಿ ಹತ್ತಲಿ, ಇಲ್ಲವಾದರೆ ಕೂತು ಮಾಡುವ ಕೆಲಸ ನೋಡಿಕೊಳ್ಳಲಿ ಎಂದರು ಮೂಳೆ ಡಾಕ್ಟರು.

"ಕೂತು ಮಾಡೋ ಕೆಲಸ ಮಾಡಿದ್ರೆ ನಾನು ಕೂತಲ್ಲೇ ಸಾಯ್ತೀನಿ ಕಣೇ," ಎಂದಳು ಅಕ್ಕ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು. ನಾನೇನೂ ಕಡಿಮೆಯಲ್ಲ.

ನಮ್ಮವರ ಮೂಳೆಯನ್ನು ನಾವೇ ಒತ್ತಬಾರದು ಎಂದು ದೊಡ್ಡ ಮೇಡಂ ಹೇಳಿದರು. ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ, ಹಟ ಹಿಡಿದು ನಾನೇ ತೆಗೆದುಕೊಂಡೆ. ನಾಲ್ಕು ತುಂಡು ಕೊಯ್ದೆ. ಬೇಗ ಮುಗಿಸಿಬಿಡಬೇಕು ಎನ್ನಿಸಿತು. ಮೊದಲನೆಯದನ್ನು ಇಟ್ಟು ಗುಂಡಿ ಒತ್ತಿದೆ, ಯಂತ್ರ ಇನ್ನೂ ಸರಿಯಾಗಿ ಭಾರ ಹಾಕುವ ಮೊದಲೇ ತುಂಡು ಬಿಸ್ಕತ್ತಿನಂತೆ ಪುಡಿಯಾಯಿತು. ಬಗ್ಗಿ ನೋಡಿದರೆ ಚುಕ್ಕೆ ಪಕ್ಕಕ್ಕಿತ್ತು. ಹನ್ನೆರಡು ವರ್ಷದಲ್ಲಿ ಮಾಡದ ತಪ್ಪು. ನನ್ನನ್ನೇ ಬೈದುಕೊಂಡು ಆ ಅಂಕಿಗೆ ಗೀಟು ಎಳೆದೆ. ಉಳಿದ ಮೂರನ್ನು ಚುಕ್ಕೆ ಮೇಲೆ ಮಾಡಿ ಒತ್ತಿದೆ. ಮೂರೂ ಸುಲಭಕ್ಕೆ ಜಗ್ಗಲಿಲ್ಲ, ಅವಳ ವಯಸ್ಸಿನ ಎಷ್ಟೋ ಜನರ ಮೂಳೆಗಿಂತ ಹೆಚ್ಚೇ ತಡೆದವು. ಹೋದ ಜೀವ ಬಂದಂತಾಯಿತು. ವರದಿ ಬರೆದು ಕಳಿಸಿ, ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಸೋಮವಾರ ಅವಳು ಏಣಿ ಹತ್ತಿದಳು.

ಒಂಬತ್ತನೇ ದಿನ ಬೆಳಗ್ಗೆ ಹಳೆಯ ಪುಡಿಗಳ ಡಬ್ಬಿಗಳನ್ನು ಖಾಲಿ ಮಾಡುತ್ತಿದ್ದೆ. ಗೀಟು ಎಳೆದ ತುಂಡಿನ ಪುಡಿ ಕೈಗೆ ಬಂತು. ಎಸೆಯುವ ಮುಂಚೆ, ಅಕ್ಕನದಲ್ಲವೇ ಎಂದು, ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಪುಡಿಯ ನಡುವೆ ಉಳಿದಿದ್ದ ಚೂರುಗಳಲ್ಲಿ ಕಂಬಗಳು ಚೆನ್ನಾಗಿದ್ದವು, ನೆಟ್ಟಗೆ, ದಪ್ಪಗೆ, ಒಂದರ ಪಕ್ಕ ಒಂದು. ಅಡ್ಡಪಟ್ಟಿಗಳು ಇರಲಿಲ್ಲ. ಬೇರೆ ತುಂಡುಗಳ ಚೂರುಗಳನ್ನೂ ತೆಗೆದು ನೋಡಿದೆ. ಅಲ್ಲೊಂದು ಇಲ್ಲೊಂದು ಮೊಂಡು ಉಳಿದಿತ್ತು, ಅಷ್ಟೇ. ಗೀಟಿನ ಕೆಳಗಿನ ಅಂಕಿಯನ್ನು ಮತ್ತೆ ಓದಿದೆ. ಅಡ್ಡ ಒತ್ತಿದ ಮೂಳೆ ನೆಟ್ಟಗೆ ಒತ್ತಿದ್ದರ ಅರ್ಧವನ್ನೋ ಮೂರನೇ ಒಂದು ಭಾಗವನ್ನೋ ತಡೆಯಬೇಕು. ಇದು ಹತ್ತನೇ ಒಂದು ಭಾಗವನ್ನೂ ತಡೆದಿರಲಿಲ್ಲ.

ಆಗ ನನಗೆ ಅರ್ಥವಾಯಿತು. ಮೂಳೆ ಸವೆಯುತ್ತಿರುವ ಮೈ ಇದ್ದದ್ದರಲ್ಲೇ ಕಂಬಗಳನ್ನು, ಪಟ್ಟಿಗಳ ಆಸರೆಯಿಲ್ಲದೆಯೂ ನೆಟ್ಟಗಿನ ಭಾರಕ್ಕೆ ಬಾಗದಷ್ಟು ದಪ್ಪಗೆ, ಉಳಿಸಿಕೊಂಡು ಪಟ್ಟಿಗಳನ್ನು ಬಿಟ್ಟುಕೊಟ್ಟಿತ್ತು. ನಲವತ್ತು ವರ್ಷ ಅವಳನ್ನು ಎಲ್ಲರೂ ಕೇಳಿದ್ದು ನಿಲ್ಲು, ಹತ್ತು, ಹೊರು ಎಂದಷ್ಟೇ. ನಿಂತಿರುವವರೆಗೆ ಅಕ್ಕನ ಬಲ ಸೊಂಟ ಎಷ್ಟು ಬೇಕಾದರೂ ಹೊರುತ್ತದೆ. ಆದರೆ ಬೀಳುವವರು ನೆಟ್ಟಗೆ ಬೀಳುವುದಿಲ್ಲ, ಪಕ್ಕಕ್ಕೆ ಬೀಳುತ್ತಾರೆ. ನಾನು ತಪ್ಪಾಗಿ ಮಾಡಿದ ಪರೀಕ್ಷೆಯೊಂದೇ ಸರಿಯಾದ ಪರೀಕ್ಷೆಯಾಗಿತ್ತು, ಅದನ್ನೇ ನಾನು ಹೊಡೆದುಹಾಕಿದ್ದೆ. ನನ್ನ ಕೈಯಾರೆ ಅವಳನ್ನು ಏಣಿಗೆ ಹತ್ತಿಸಿದ್ದೆ.

ಅಕ್ಕನ ಮೊಬೈಲು ಅವಳ ಚೀಲದಲ್ಲೇ ಇರುತ್ತದೆ, ಕೆಲಸದ ಹೊತ್ತಿನಲ್ಲಿ ತೆಗೆಯುವುದಿಲ್ಲ. ಅಂಗಡಿಗೆ ಫೋನ್ ಮಾಡಿದೆ. ಯಜಮಾನರು ಎತ್ತಿಕೊಂಡರು. ಅವರು ಒಳ್ಳೆಯವರು, ಆದರೆ ದೊಡ್ಡ ಬಾಯಿ, ಮಾತು ಮುಗಿಯುವ ತನಕ ಕಾಯುವವರಲ್ಲ.

"ಅಕ್ಕ ಎಲ್ಲಿದ್ದಾಳೆ?"

"ಮೇಲೆ, ಕೊನೇ ಸಾಲಲ್ಲಿ. ತಡಿ, ಕರೀತೀನಿ."

"ಕರೀಬೇಡಿ. ಏಣಿ ಹಿಡ್ಕೊಳ್ಳಿ ಮೊದ್ಲು, ಆಮೇಲೆ..."

ಅವರು ಫೋನನ್ನು ಆಗಲೇ ಮೇಜಿನ ಮೇಲಿಟ್ಟಿದ್ದರು. ನಿನ್ನ ತಂಗಿ ಫೋನು ಎಂದು ಅವರು ಕೂಗಿದ್ದು ದೂರದಿಂದ ಕೇಳಿಸಿತು. ಅಕ್ಕ ಓಗೊಟ್ಟದ್ದೂ ಕೇಳಿಸಿತು, ಖುಷಿಯ ದನಿ. ನನ್ನ ಫೋನು ಎಂದರೆ ಅವಳು ಯಾವತ್ತೂ ತಡಮಾಡಿದವಳಲ್ಲ. ಆಮೇಲೆ ಗುಂಡಿಗಳು ನೆಲಕ್ಕೆ ಚೆಲ್ಲಿದ ಸದ್ದು. ಪೆಟ್ಟಿಗೆ ತುಂಬ ಇದ್ದಿರಬೇಕು, ಬಹಳ ಹೊತ್ತು ಉರುಳಿದವು.

ಯಾರೋ ಓಡಿದರು. ಕೊನೆಗೆ ಯಜಮಾನರು ಫೋನಿಗೆ ಬಂದಾಗ ಅವರ ದೊಡ್ಡ ಬಾಯಿ ಉಡುಗಿಹೋಗಿತ್ತು. ಎಚ್ಚರ ಇದೆಯಮ್ಮ, ಮಾತಾಡ್ತಿದ್ದಾಳೆ, ನಿನ್ನ ಫೋನು ಕಟ್ ಮಾಡ್ಬೇಡಿ ಅಂತಿದ್ದಾಳೆ ಎಂದರು.

"ಯಾವ ಕಡೆಗೆ ಬಿದ್ಲು?" ಎಂದು ಕೇಳಿದೆ.

ಅವರು ತಿರುಗಿ ನೋಡಿದರೆಂದು ಕಾಣುತ್ತದೆ, ಉಸಿರಿನ ಸದ್ದು ಫೋನಿನಿಂದ ದೂರ ಸರಿದು ಮತ್ತೆ ಹತ್ತಿರ ಬಂತು.

"ಬಲಕ್ಕೆ," ಎಂದರು.