ಬಾಗಿಲು ತೆಗೆದವಳು

ಆ ಮನೆಯಲ್ಲಿ ಬಾಗಿಲ ಬೆಲ್ ಆಯಿತೆಂದರೆ ಎರಡು ಕೆಲಸ ಒಟ್ಟಿಗೇ ನಡೆಯುತ್ತಿದ್ದವು. ಅಜ್ಜಿ ಬಾಗಿಲು ತೆಗೆಯಲು ಏಳುತ್ತಿದ್ದಳು. ಹತ್ತು ವರ್ಷದ ಮೊಮ್ಮಗಳು ಎದ್ದು ಒಳಕೋಣೆ ಸೇರುತ್ತಿದ್ದಳು. ಹುಡುಗಿಯನ್ನು ಮನೆಯವರು ಕರೆಯುತ್ತಿದ್ದದ್ದು ಮೊದ್ದು ಎಂದು. ಬೆನ್ನಿಗೆ ಬಿದ್ದ ತಂಗಿ ಕೂಡ ಅಕ್ಕ ಅನ್ನುತ್ತಿರಲಿಲ್ಲ.

ಅವಳ ತಪ್ಪೇನು? ‘ಮ’ ಮತ್ತು ‘ವ’ ಅವಳ ಕಣ್ಣಿಗೆ ಒಂದೇ. ‘ಮನೆ’ಯನ್ನು ‘ವನೆ’ ಎಂದು ಓದಿ ತರಗತಿಯನ್ನೆಲ್ಲ ನಗಿಸುತ್ತಿದ್ದಳು. ಆದರೆ ಒಮ್ಮೆ ಕಿವಿಗೆ ಬಿದ್ದ ಕಥೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಿದ್ದಳು. ಅದನ್ನು ಗಮನಿಸಿದವಳು ಮನೆಯಲ್ಲೇ ಬಟ್ಟೆ ಹೊಲಿಯುವ ಅವಳ ಅಮ್ಮ ಒಬ್ಬಳೇ.

ಒಂದು ದಿನ ಟೀಚರ್ ಮನೆಗೇ ಬಂದರು.

“ನಿಮ್ಮ ಮಗಳ ಬುದ್ಧಿ ಚುರುಕಾಗೇ ಇದೆ. ಅಕ್ಷರ ಕಲಿಯೋ ದಾರಿ ಬೇರೆ, ಅಷ್ಟೆ. ಇಂಥ ಮಕ್ಕಳಿಗೆ ಅಂತಲೇ ಶಾಲೇಲಿ ವಿಶೇಷ ತರಗತಿ ಶುರುವಾಗಿದೆ, ಕಳಿಸಿ.”

“ಬೇಡವೇ ಬೇಡ,” ಎಂದಳು ಅಜ್ಜಿ. “ಆ ಕೋಣೆಗೆ ಕಾಲಿಟ್ಟರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಮನೆ ಮರ್ಯಾದೆ ಏನಾಗಬೇಕು?”

ಮಗುವನ್ನು ಬಚ್ಚಿಟ್ಟು ಉಳಿಸಿಕೊಳ್ಳುವ ಮರ್ಯಾದೆಗೆ ಬೆಂಕಿ ಬೀಳಲಿ! ಅಮ್ಮ ಮಿಷನ್ ನಿಲ್ಲಿಸಿ ಸೂಜಿ, ದಾರ ತಂದು ಅತ್ತೆಯ ಕೈಗಿಟ್ಟಳು.

“ಕನ್ನಡಕ ತೆಗೆದು ಪೋಣಿಸಿ ಅತ್ತೆ.”

“ಕನ್ನಡಕ ಇಲ್ಲದೆ ಹೇಗೆ ಪೋಣಿಸಲಿ? ನಿನಗೇನು ತಲೆ ಕೆಟ್ಟಿದೆಯಾ?”

“ಅವಳಿಗೂ ಹಾಗೇ. ಅವಳ ಕನ್ನಡಕ ಆ ತರಗತೀಲಿದೆ. ನಾಳೆಯಿಂದ ಹೋಗ್ತಾಳೆ.”

ಅಜ್ಜಿ ಸೊಸೆಯ ಜೊತೆ ಮಾತು ಬಿಟ್ಟಳು. ಸೊಸೆ ಹಟ ಬಿಡಲಿಲ್ಲ.

ಆ ತರಗತಿಯಲ್ಲಿ ಅಕ್ಷರವನ್ನು ಮೊದಲು ಬೆರಳಿಗೆ ಕಲಿಸುತ್ತಿದ್ದರು. ಮರಳಲ್ಲಿ ಬರೆಸುತ್ತಿದ್ದರು. ಒಂದೊಂದೇ ಸಾಲು ಕಾಣುವಂತೆ ಕಿಂಡಿ ಕೊರೆದ ರಟ್ಟನ್ನು ಪುಟದ ಮೇಲಿಟ್ಟು ಓದಿಸುತ್ತಿದ್ದರು. ಅಮ್ಮ ಉಳಿದ ಚೂರು ಬಟ್ಟೆಯಲ್ಲಿ ಅಕ್ಷರ ಕತ್ತರಿಸಿಕೊಟ್ಟಳು: ‘ಮ’ಕ್ಕೆ ಮಖಮಲ್ಲು, ‘ವ’ಕ್ಕೆ ಒರಟು ಗೋಣಿ. ಹುಡುಗಿ ಸವರಿ ಸವರಿ ಕಲಿತಳು.

ವರ್ಷ ತಿರುಗುವ ಹೊತ್ತಿಗೆ ಒಂದು ಸಂಜೆ, ರಟ್ಟು ಸರಿಸುತ್ತಾ, ತಡೆದು ತಡೆದು ತಂಗಿಗೆ ಕಥೆ ಓದುತ್ತಿದ್ದಳು. ಅಜ್ಜಿ ಕೇಳಿಸಿಕೊಳ್ಳದವಳ ಹಾಗೆ ತರಕಾರಿ ಮುಂದಿಟ್ಟುಕೊಂಡು ಕೂತಿದ್ದಳು. ತರಕಾರಿ ಮಾತ್ರ ಹೆಚ್ಚದೆ ಹಾಗೇ ಇತ್ತು. ಕಥೆಯ ಕಳ್ಳ ಕೋಟೆ ಗೋಡೆ ಹತ್ತಿದ್ದ. ಅಷ್ಟರಲ್ಲಿ ಬೆಲ್ ಆಯಿತು.

“ಮೊದ್ದು, ಒಳಗೆ ಹೋಗು,” ಎಂದಳು ಅಜ್ಜಿ.

“ಆ ಹೆಸರಿನವರು ಈ ಮನೇಲಿ ಯಾರೂ ಇಲ್ಲ ಅತ್ತೆ,” ಎಂದಳು ಅಮ್ಮ. “ಅವಳು ಒಳಗೆ ಹೋದರೆ ನಿಮ್ಮ ಕಳ್ಳನೂ ಒಳಗೆ ಹೋಗ್ತಾನೆ.”

ಹುಡುಗಿ ಇಬ್ಬರನ್ನೂ ನೋಡಿದಳು. ಎದ್ದು ಹೋಗಿ ತಾನೇ ಬಾಗಿಲು ತೆಗೆದಳು.

ಹೊರಗೆ ಅಜ್ಜಿಯ ಗೆಳತಿ ನಿಂತಿದ್ದಳು, ಎಷ್ಟೋ ವರ್ಷದಿಂದ ಬಂದುಹೋಗುವವಳು. “ಯಾರೇ ಇವಳು? ನಾನು ನೋಡೇ ಇಲ್ಲವಲ್ಲ?”

ಅಜ್ಜಿಗೆ ನಾಚಿಕೆಯಾಯಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ನನ್ನ ದೊಡ್ಡ ಮೊಮ್ಮಗಳು ಕಣೇ. ಬಾ, ಸದ್ದು ಮಾಡದೆ ಕೂತ್ಕೋ, ಕಳ್ಳ ಇನ್ನೂ ಗೋಡೆ ಮೇಲೇ ಇದ್ದಾನೆ,” ಎಂದು ಹುಡುಗಿಯ ಕಡೆ ತಿರುಗಿದಳು. “ಓದು ಮಗಳೇ.”