ಕೆಂಪು ಸೀರೆಯ ಗಾಳಿಪಟ

ಶೃತಿಗೆ ಬಿ.ಎಡ್. ಇರಲಿಲ್ಲ. ಚಳ್ಳಕೆರೆಯ ಎಣ್ಣೆಮಿಲ್ಲಿನ ಹಿಂದಿನ ಓಣಿಯಲ್ಲಿ ಬೆಳೆದು ಬಿ.ಎಸ್ಸಿ. ಮುಗಿಸಿದವಳಿಗೆ ಮಕ್ಕಳಿಗೆ ಕಲಿಸುವ ಹುಚ್ಚಿತ್ತು, ಅದಕ್ಕೆ ಬೇಕಾದ ಕಾಗದವಿರಲಿಲ್ಲ. ಪರಶುರಾಂಪುರದ ಆಚೆಗಿನ ಒಂದು ಹೈಸ್ಕೂಲಿಗೆ ಹೋಗಿ, ಶಾಲೆ ಬಿಟ್ಟ ಮೇಲೆ ದಿನಾ ಒಂದು ಗಂಟೆ ಆಟ, ಹಾಡು, ಗಾಳಿಪಟ ಕಲಿಸುತ್ತೇನೆ ಎಂದು ಹೆಡ್‌ಮಾಸ್ಟರ್ ಹನುಮಂತರಾಯರನ್ನು ಕೇಳಿದಳು.

"ಸಂಬಳ ಕೇಳ್ತೀಯಾ?"

"ಇಲ್ಲ ಸಾರ್."

"ಹಂಗಾದ್ರೆ ಬಿ.ಎಡ್. ಯಾಕಮ್ಮ, ಶುರು ಮಾಡು."

ಕಬಡ್ಡಿ ಕಲಿಸಲು ಟ್ರ್ಯಾಕ್ಟರ್ ಓಡಿಸುವ ಎರ್ರಿಸ್ವಾಮಿ ಸಿಕ್ಕ. ಹಾಡಿಗೆ ಬಿಸಿಯೂಟದ ಜಯಕ್ಕ ಒಪ್ಪಿದಳು. ಗಾಳಿಪಟ ಶೃತಿಯದೇ. ಎಲ್ಲ ಸರಿಯಾಗಿತ್ತು, ಮಕ್ಕಳೇ ಇರಲಿಲ್ಲ. ಶಾಲೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕುರಿಹಟ್ಟಿಯವರು. ಬೆಲ್ ಹೊಡೆದದ್ದೇ ತಡ, ಗುಂಪುಕಟ್ಟಿ ಮನೆಗೆ ಹೊರಟುಬಿಡುತ್ತಿದ್ದರು. ಉಳಿದವರಲ್ಲಿ ಎರ್ರಿಸ್ವಾಮಿಗೆ ಒಂದು ತಂಡವಾಗುತ್ತಿತ್ತು, ಎದುರಾಳಿ ತಂಡವಾಗುತ್ತಿರಲಿಲ್ಲ.

"ನಾನೇ ಎದುರಾಳಿ ಆಗ್ತೀನಿ ಬಿಡವ್ವ," ಎಂದ ಅವನು. ಮೊದಲ ರೈಡಿನಲ್ಲೇ ಏಳು ಹುಡುಗರು ಅವನನ್ನು ಮಣ್ಣಿಗೆ ಹಾಕಿದರು.

ಎರಡನೇ ವಾರ ಹನುಮಂತರಾಯರು ಶೃತಿಯನ್ನು ಕರೆದರು. "ಇಷ್ಟೇ ಮಕ್ಕಳಿಗೆ ಸಂಜೆ ಗೇಟು ತೆಗೆದು ಕೂರೋಕೆ ಆಗಲ್ಲ. ಶುಕ್ರವಾರದತನಕ ನೋಡ್ತೀನಿ. ಹಟ್ಟಿ ಮಕ್ಕಳು ಉಳಿದ್ರೆ ಸರಿ. ಇಲ್ಲಾಂದ್ರೆ ಬೀಗ."

ಶೃತಿ ಹಟ್ಟಿಗೆ ಹೋದಳು. ಅಲ್ಲಿ ಕ್ಯಾತಪ್ಪ ಹೇಳಿದ್ದೇ ಮಾತು. ಅವನು ಕುರಿ ಹೊಡೆದುಕೊಂಡು ಆಗಷ್ಟೇ ಬಂದಿದ್ದ.

"ಮುಳುಗೋ ಹೊತ್ನಾಗೆ ಹುಡ್ಗೀರ್ನ ಕರ್ಕೊಂಡು ಬರೋರು ಯಾರವ್ವ? ನಾವು ಕುರಿ ಹಿಂದೆ ಇರ್ತೀವಿ. ದಾರೀಲಿ ಒಂದು ಮನೆ ಐತಾ ಹೇಳು?"

ಇರಲಿಲ್ಲ. ಅವನ ಮಗಳು ಆಶಾ ಒಂಬತ್ತನೇ ಕ್ಲಾಸು. ಕುರಿ ಕೂಡುವ ರೊಪ್ಪದ ಬಳಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದವಳು ತಲೆ ಎತ್ತಿ, "ಗಾಳಿಪಟ ಎಷ್ಟು ಎತ್ರ ಹೋಗ್ತೈತೆ ಮಿಸ್?" ಎಂದು ಕೇಳಿದಳು. ಅಪ್ಪ ಕಣ್ಣು ಕೆಕ್ಕರಿಸಿದ. ಅವಳು ಮತ್ತೆ ಸೊಪ್ಪು ಕಟ್ಟತೊಡಗಿದಳು.

ಶುಕ್ರವಾರ ಆಷಾಢದ ಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ತಿರುಗುತ್ತಿದ್ದವು. ಬೆಲ್ ಆದರೂ ಆಶಾ ಹೋಗಲಿಲ್ಲ. ಅವಳನ್ನು ನೋಡಿ ಹಟ್ಟಿಯ ಉಳಿದ ಮಕ್ಕಳೂ ನಿಂತರು.

"ಇವತ್ತೊಂದಿನ ಮಿಸ್. ಅಪ್ಪ ಬರೋದ್ರೊಳಗೆ ಓಡಿಹೋಗ್ತೀವಿ."

ಪೇಪರಿನ ಗಾಳಿಪಟಗಳು ಒಂದೊಂದಾಗಿ ಹರಿದು ಚಿಂದಿಯಾದವು. ಆಗ ಆಶಾ ಬ್ಯಾಗಿನಿಂದ ಒಂದು ಕೆಂಪು ನೈಲಾನ್ ಸೀರೆ ಎಳೆದಳು. "ನಮ್ಮಜ್ಜೀದು. ಮೂಲೇಲಿ ಸುಮ್ನೆ ಬಿದ್ದಿತ್ತು." ಬಿದಿರು ಸೀಳಿ, ಸೀರೆ ಬಿಗಿದು, ಆಶಾಗಿಂತ ದೊಡ್ಡ ಪಟ ಮಾಡಿದರು. ಎರ್ರಿಸ್ವಾಮಿ ಕಬಡ್ಡಿ ಬಿಟ್ಟು ಟ್ರ್ಯಾಕ್ಟರಿನ ಹಗ್ಗ ತಂದ. ಮೂವರು ಎತ್ತಿ ಹಿಡಿದರು, ಉಳಿದವರು ಹಗ್ಗ ಹಿಡಿದು ಓಡಿದರು. ಪಟ ಒಮ್ಮೆ ನೆಲಕ್ಕೆ ಮೂತಿ ಉಜ್ಜಿತು, ಎರಡನೇ ಸಲ ಎದ್ದಿತು. ಎದ್ದದ್ದು ಶಾಲೆಯ ಚಾವಣಿ ದಾಟಿತು, ಬೇವಿನ ಮರ ದಾಟಿತು, ಗಾಳಿ ಸಿಕ್ಕಿ ಸರ್ರನೆ ಮೇಲೇರಿತು. ಮಕ್ಕಳು ಕಿರುಚಿದ್ದು ಕೇಳಿ ಹನುಮಂತರಾಯರು ಕನ್ನಡಕ ಹಣೆಗೇರಿಸಿಕೊಂಡು ಹೊರಬಂದರು. ಜಯಕ್ಕ ಸೌಟು ಹಿಡಿದೇ ಬಂದಳು. ಶೃತಿಯ ಅಂಗೈ ಉರಿಯುತ್ತಿತ್ತು. ಹಗ್ಗ ಬಿಡಲು ಮನಸ್ಸಿರಲಿಲ್ಲ.

ಆಗ ಪಡುವಣ ಬಯಲಲ್ಲಿ ಧೂಳೆದ್ದಿತು.

ಒಂದು ಹಿಂಡು ನುಗ್ಗಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ನಾಯಿಗಳು, ಕೋಲು, ಕೂಗು. ಎಲ್ಲರಿಗಿಂತ ಮುಂದೆ ಕ್ಯಾತಪ್ಪ ಏದುಸಿರು ಬಿಡುತ್ತ ಬಂದ.

"ಎಲ್ಲೈತೆ ತೋಳ?"

ಯಾರಿಗೂ ಅರ್ಥವಾಗಲಿಲ್ಲ, ಕ್ಯಾತಪ್ಪನೇ ಬಿಡಿಸಿ ಹೇಳಬೇಕಾಯಿತು. ತೋಳ ಕಂಡರೆ ಹಟ್ಟಿಯವರು ದಿಬ್ಬದ ಮೇಲೆ ಕೆಂಪು ಸೀರೆ ಎತ್ತಿ ಬೀಸುತ್ತಾರೆ. ಅದು ಕಂಡ ಕಡೆಗೆ ಎಲ್ಲರೂ ಹಿಂಡು ಹೊಡೆದುಕೊಂಡು ಕೂಡಬೇಕು. ಹಟ್ಟಿಯ ಕಡೆ ತೋಳ ಬಂದು ಎಷ್ಟೋ ವರ್ಷವಾಗಿತ್ತು. ಆ ಸೀರೆ ಬೀಸಿದ್ದನ್ನು ಆಶಾ ಕಂಡೇ ಇರಲಿಲ್ಲ.

ಎರ್ರಿಸ್ವಾಮಿ ಮೇಲೆ ಕೈ ತೋರಿಸಿದ. "ಏಂ ಮಾಮ, ತೋಳ ಅಲ್ಲೈತೆ ನೋಡು. ಹಗ್ಗ ಕಟ್ಟಿ ಹಿಡ್ಕೊಂಡೀವಿ."

ಕ್ಯಾತಪ್ಪ ತಲೆ ಎತ್ತಿದ. "ಲೇ, ಅದು ನಮ್ಮವ್ವನ ಸೀರೆ ಕಣ್ರಲೇ." ಆಮೇಲೆ ಮಗಳ ಕಡೆ ತಿರುಗಿದ. ಆಶಾ ಹೆದರಿ ಹಗ್ಗದ ತುದಿಯನ್ನು ಅವನ ಕೈಗಿಟ್ಟಳು. ಬೈಯಲು ಬಾಯಿ ತೆರೆದವನನ್ನು ಹಗ್ಗ ಎರಡು ಹೆಜ್ಜೆ ಎಳೆದುಕೊಂಡು ಹೋಯಿತು. ಅವನು ಹಿಮ್ಮಡಿ ಊರಿ ನಿಂತ.

"ಎಳಿತೈತೆ ಕಣಲೇ. ಟಗರು ಎಳ್ದಂಗೆ ಎಳಿತೈತೆ."

"ನನಗೊಂದಿಷ್ಟು ಕೊಡೋ," ಎಂದು ಇನ್ನಿಬ್ಬರು ಕುರಿಯವರು ಕೋಲು ಬಿಸಾಡಿ ಬಂದರು. ಕೊಡಲಿಲ್ಲ. ಮೂವರೂ ಜಗ್ಗಾಡಿದರು. ಹಗ್ಗ ಪಟ್ಟನೆ ಹರಿಯಿತು. ಸೀರೆ ಹೊರಳುತ್ತ, ಹೊಳೆಯುತ್ತ ಗಾಳಿಯಂತ್ರಗಳ ಕಡೆ ಹೋಗಿಯೇಬಿಟ್ಟಿತು. ಕ್ಯಾತಪ್ಪ ಅದು ಮರೆಯಾಗುವವರೆಗೂ ಬಾಯಿ ತೆರೆದು ನೋಡಿದ.

"ನಮ್ಮವ್ವಂಗೆ ನೀನೇ ಬಂದು ಹೇಳು," ಎಂದ ಶೃತಿಗೆ.

"ಹೇಳ್ತೀನಿ. ಮಕ್ಕಳನ್ನ ಕಳಿಸ್ತೀರಾ?"

ಅವನು ಗೇಟಿನ ಕಡೆ ನೋಡಿದ, ಹಟ್ಟಿಯ ಕಡೆ ನೋಡಿದ. "ಸ್ವಲ್ಪ ಸುತ್ತಾಗ್ತೈತೆ. ಆಗ್ಲಿ. ಇನ್ಮ್ಯಾಲೆ ಕುರಿ ಈ ದಾರೀಲೇ ಹೊಡ್ಕೊಂಡು ಬರ್ತೀವಿ. ಹುಡುಗ್ರು ನಮ್ ಜತಿಗೆ ಬರ್ಲಿ. ಕೆಂಪು ಬಟ್ಟೆ ಮಾತ್ರ ಹಾರಿಸ್ಬ್ಯಾಡ."

ಶೃತಿ ಹೆಡ್‌ಮಾಸ್ಟರನ್ನು ಹುಡುಕಿದಳು. ಅವರು ಬಿಸಿಯೂಟಕ್ಕೆಂದು ಬೆಳೆಸಿದ ಶಾಲೆಯ ಕೈತೋಟದಲ್ಲಿ, ಮೇಯುತ್ತಿದ್ದ ಕುರಿಗಳ ಮಧ್ಯೆ ನಿಂತಿದ್ದರು.

"ಸಾರ್, ಬೀಗ?"

"ಇಲ್ಲಿಗೆ ಹಾಕ್ಬೇಕಿತ್ತು ಕಣಮ್ಮ," ಎಂದರು ಅವರು, ಎಲೆಯೆಲ್ಲ ಬರಿದಾದ ಒಂದು ನುಗ್ಗೆ ಕಡ್ಡಿ ಹಿಡಿದು. "ಗೇಟು ಸೋಮವಾರ ತೆಗೆದಿರ್ತೈತೆ. ಮೊದಲು ಎಲ್ಲರೂ ಸೇರಿ ಬೇಲಿ ಕಟ್ಟಿ."

ಆ ಸಂಜೆ ಹೋದದ್ದು ಇಷ್ಟು: ಹದಿನಾಲ್ಕು ನುಗ್ಗೆ ಸಸಿ, ಎರಡು ಮಡಿ ಮೆಂತ್ಯ, ಒಂದು ಹಗ್ಗ, ಒಂದು ಸೀರೆ.